ಕತ್ತು ನೋಡುವವರದ್ದು, ನಮ್ಮದಲ್ಲ

ವಿಆರ್‌ಗೆ, ಅಂದರೆ ಹೆಡ್‌ಸೆಟ್ ಹಾಕಿಕೊಂಡು ಸುತ್ತಲೂ ನೋಡುವ ವರ್ಚುವಲ್ ರಿಯಾಲಿಟಿಗೆ ಅಂತ ನಾನು ಮೊದಲ ಸಲ ಮಾಡಿದ ಕಂಟೆಂಟ್ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಹಳೇ ಕೋಟೆಯೊಂದರಲ್ಲಿ ಸುತ್ತಾಡಿಸುವ ಕೆಲಸ. ಅರವತ್ತು ಪದಗಳ ಪೀಠಿಕೆ ಬರೆದು ಕಣ್ಣೆದುರಿಗೇ ಅಂಟಿಸಿದ್ದೆ. ತಲೆ ಎತ್ತ ತಿರುಗಿದರೂ ಅದೂ ಜೊತೆಗೇ ತಿರುಗುತ್ತಿತ್ತು. ಓದದೆ ಯಾರೂ ತಪ್ಪಿಸಿಕೊಳ್ಳಬಾರದು ಅನ್ನೋದು ನನ್ನ ಜಾಣತನ! ನೋಡಿ ಹೇಳಲು ಬಂದಿದ್ದ ಹಿರಿಯರೊಬ್ಬರು ಹೆಡ್‌ಸೆಟ್ ಹಾಕಿಕೊಂಡವರೇ ಮುಖದ ಮುಂದೆ ಕೈ ಬೀಸತೊಡಗಿದರು, ನೊಣ ಓಡಿಸುವ ಹಾಗೆ. "ಇದನ್ನ ಸ್ವಲ್ಪ ಆಚೆ ಸರಿಸಪ್ಪಾ, ಕೋಟೆ ಕಾಣ್ತಿಲ್ಲ" ಅಂದರು.

ಮುಂದಿನ ದೃಶ್ಯದಲ್ಲಿ ಕ್ಯಾಮೆರಾ ತಾನಾಗೇ ಮೆಟ್ಟಿಲು ಇಳಿಯುತ್ತಿತ್ತು. ಸಿನಿಮಾದಲ್ಲಾಗಿದ್ದರೆ ಚೆಂದದ ಶಾಟ್. ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅರ್ಧ ನಿಮಿಷಕ್ಕೆ ಹೆಡ್‌ಸೆಟ್ ತೆಗೆದಿಟ್ಟು ನೀರು ಕೇಳಿದರು. ಕಣ್ಣು ಇಳೀತಿದ್ದೀವಿ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಭಾಗ ಕೂತಲ್ಲೇ ಇದ್ದೀವಿ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ತಲೆ ತಿರುಗಿದ 20 ಮಿಲಿಸೆಕೆಂಡಿನೊಳಗೆ ಚಿತ್ರವೂ ತಿರುಗಿರಬೇಕು ಅಂತ ಎಂಜಿನಿಯರ್‌ಗಳು ಒದ್ದಾಡೋದು ಇಂಥದ್ದು ಆಗದಿರಲಿ ಅಂತಲೇ. ಅವರ ಕಷ್ಟವನ್ನೆಲ್ಲ ನಾವು ಒಂದು ಶಾಟ್‌ನಲ್ಲಿ ನೀರಿಗೆ ಹಾಕುತ್ತೇವೆ.

ಸಿನಿಮಾದಿಂದಲೋ ವೆಬ್‌ನಿಂದಲೋ ಬಂದ ನಮಗೆ ಚೌಕಟ್ಟಿನ ಚಟ. ಎಲ್ಲಿ ನೋಡಬೇಕು ಅಂತ ನಾವೇ ಹೇಳಿ ಅಭ್ಯಾಸ. ಇಲ್ಲಿ ಚೌಕಟ್ಟೇ ಇಲ್ಲವಲ್ಲ! ನೋಡುವವರನ್ನು ಕರೆಯಬಹುದು, ಎಳೆದೊಯ್ಯೋಕಾಗಲ್ಲ. ಬೆನ್ನ ಹಿಂದೆ ಬಾಗಿಲು ಕಿರ್ರ್ ಅಂದರೆ ಯಾರಾದರೂ ತಿರುಗುತ್ತಾರೆ, ಅಲ್ವಾ? ಬಾಣದ ಗುರುತು ಯಾಕೆ ಬೇಕು? ತಿರುಗಿದ ಮೇಲೆ ಒಂದೆರಡು ಸೆಕೆಂಡ್ ಸುಮ್ನಿರಬೇಕು, ಆಮೇಲೆ ಮಾತು. ಈ ಸುಮ್ನಿರೋದನ್ನ ಕಲಿಯೋಕೆ ನನಗೆ ತುಂಬಾ ದಿನ ಹಿಡಿಯಿತು.

ಅಕ್ಷರ ಬೇಕೇ ಬೇಕು ಅಂದರೆ ಗೋಡೆ ಮೇಲೋ ಕಲ್ಲಿನ ಮೇಲೋ ಇರಲಿ, ಒಂದೂವರೆ ಎರಡು ಮೀಟರ್ ದೂರದಲ್ಲಿ. ಅರ್ಧ ಮೀಟರ್‌ಗಿಂತ ಹತ್ತಿರ ತಂದರೆ ಎರಡೂ ಕಣ್ಣು ಒಳಗೆ ವಾಲುತ್ತವೆ, ಆದರೆ ಫೋಕಸ್ ಮಾತ್ರ ಹೆಡ್‌ಸೆಟ್‌ನ ಲೆನ್ಸ್ ಗೊತ್ತು ಮಾಡಿದ ದೂರದಲ್ಲೇ ನಿಂತಿರುತ್ತದೆ. ಸ್ವಲ್ಪ ಹೊತ್ತಿಗೇ ಕಣ್ಣು ಸೋಲುತ್ತದೆ.

ಎಆರ್, ಅಂದರೆ ಎದುರಿಗಿರೋ ನಿಜ ಜಗತ್ತಿನ ಮೇಲೇ ಚಿತ್ರ ಕೂರಿಸುವ ಆಗ್ಮೆಂಟೆಡ್ ರಿಯಾಲಿಟಿ, ಅದರ ಕಥೆ ಬೇರೆ. ಅಲ್ಲಿ ಹಿನ್ನೆಲೆಯೂ ನಮ್ಮ ಕೈಯಲ್ಲಿಲ್ಲ. ಬಿಳಿ ಗೋಡೆ ಎದುರಾದರೆ ಬಿಳಿ ಅಕ್ಷರ ಮಾಯ. 2016ರಲ್ಲಿ ಪೋಕೆಮಾನ್ ಗೋ ಅನ್ನೋ ಮೊಬೈಲ್ ಆಟ ಹುಚ್ಚು ಹಿಡಿಸಿತ್ತಲ್ಲ, ಆಗ ಎಷ್ಟೋ ಜನ ಪೋಕೆಮಾನ್ ಪ್ರಾಣಿಗಳನ್ನ ಹಿಡಿಯೋಕೆ ಸುಲಭ, ಬ್ಯಾಟರಿಯೂ ಉಳಿಯುತ್ತೆ ಅಂತ ಎಆರ್ ಅನ್ನೇ ಆಫ್ ಮಾಡಿಕೊಂಡು ಆಡುತ್ತಿದ್ದರು. ನಾವು ಮಾಡಿದ್ದು ಜನಕ್ಕೆ ಅಡ್ಡ ಬಂದರೆ ಅವರು ಅದನ್ನು ಆರಿಸಿಬಿಡುತ್ತಾರೆ, ಅಷ್ಟೇ.

ಕೋಟೆಯನ್ನು ಮತ್ತೆ ಮಾಡಿದೆ. ಅರವತ್ತು ಪದ ಹನ್ನೊಂದಾಯಿತು, ಗೋಡೆಗೆ ಹೋಯಿತು. ಮೆಟ್ಟಿಲ ಶಾಟ್ ತೆಗೆದೆ. ಅದೇ ಹಿರಿಯರನ್ನು ಕರೆದು ಕೂರಿಸಿದೆ. ಆ ಹನ್ನೊಂದು ಪದಗಳತ್ತ ಅವರು ತಿರುಗಿಯೂ ನೋಡಲಿಲ್ಲ. ಗೋಡೆಯ ಬಿರುಕಿನಲ್ಲಿದ್ದ ಹುಲ್ಲನ್ನು ಬಗ್ಗಿ ನೋಡುತ್ತಾ ಹತ್ತು ನಿಮಿಷ ಕೂತರು. ಅದು ನನ್ನ ಸ್ಕ್ರಿಪ್ಟ್‌ನಲ್ಲಿ ಇರಲೇ ಇಲ್ಲ. ಕೋಟೆಯ 3ಡಿ ಮಾಡೆಲ್ ಮಾಡಿದ ಹುಡುಗ ಸುಮ್ನೆ ಹಾಕಿದ್ದನಂತೆ.