ಅರ್ಧ ಡಬ್ಬ ರೆಡ್ ಆಕ್ಸೈಡ್

ಮಗಳನ್ನು ಕೊಡುವಾಗ ನಮ್ಮ ಮಾವನವರು ಒಂದೂ ಷರತ್ತು ಹಾಕಿರಲಿಲ್ಲ. ಯೆಜ್ಡಿ ಕೊಡುವಾಗ ಮೂರು ಹಾಕಿದರು. ಮಾರಬಾರದು, ಸೈಲೆನ್ಸರ್ ಬದಲಾಯಿಸಬಾರದು, ಬಣ್ಣ ಮತ್ತೆ ಮೆರೂನೇ ಆಗಬೇಕು. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ ಅದು. ಆ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿತು, ಹಾಗಾಗಿ ಅವರ ಲೆಕ್ಕದಲ್ಲಿ ಇದು ಬೈಕಲ್ಲ, ತವರು ಮುಚ್ಚಿಹೋದ ಹೆಣ್ಣುಮಗಳು.

ಬಣ್ಣ ನಾನೇ ತೆಗೆಯುತ್ತೇನೆ, ಟಿಂಕರ್ ಹತ್ತಿರ ಸ್ಪ್ರೇ ಮಾತ್ರ ಹೊಡೆಸೋಣ, ದುಡ್ಡು ಉಳಿಯುತ್ತೆ ಅಂತ ತೀರ್ಮಾನ ಮಾಡಿದ್ದು ಆಷಾಢದಲ್ಲಿ. ಆಷಾಢದಲ್ಲಿ ಒಳ್ಳೆ ಕೆಲಸ ಶುರು ಮಾಡಬಾರದು ಅನ್ನೋದು ಮದುವೆ, ಗೃಹಪ್ರವೇಶಕ್ಕೆ ಮಾತ್ರ ಅಂದುಕೊಂಡಿದ್ದೆ. ಬರೀ ತಗಡಿಗೂ ಅನ್ವಯಿಸುತ್ತದೆ.

ಪೇಂಟ್ ರಿಮೂವರ್ ಹಚ್ಚಿದ ಹತ್ತು ನಿಮಿಷಕ್ಕೆ ಟ್ಯಾಂಕಿನ ಬಣ್ಣ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಮೇಲೆ ಕಪ್ಪು, ಅದರ ಕೆಳಗೆ ಯಾರೋ ಪುಣ್ಯಾತ್ಮ ಬಳಿದ ಹಸಿರು, ಎಲ್ಲಕ್ಕಿಂತ ಕೆಳಗೆ ಮಾವನವರ ಮೆರೂನ್. ಎಡಗಡೆ ಮಾತ್ರ ಎಷ್ಟು ಕೆರೆದರೂ ತಗಡೇ ಸಿಗಲಿಲ್ಲ. ಫ್ರಿಜ್ ಮೇಲಿದ್ದ ತಿರುಪತಿ ಮ್ಯಾಗ್ನೆಟ್ ತಂದು ಇಟ್ಟೆ, ಜಾರಿ ಬಿತ್ತು. ಅಲ್ಲಿದ್ದದ್ದು ತಗ್ಗು ಮುಚ್ಚೋಕೆ ಮೆತ್ತಿದ, ಸೆಟ್ ದೋಸೆ ದಪ್ಪದ ಪುಟ್ಟಿ. "ನನ್ನ ಗಾಡಿ ಒಂದು ಸಲವೂ ಬಿದ್ದಿಲ್ಲ" ಅಂತ ಮಾವನವರು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದರು. ನಾನೇನೂ ಕೇಳಲು ಹೋಗಲಿಲ್ಲ.

ಸಂಜೆ ಹೊತ್ತಿಗೆ ಟ್ಯಾಂಕು ಬೆಳ್ಳಿ ಚೊಂಬಿನಂತೆ ಹೊಳೆಯುತ್ತಿತ್ತು. ಮನೆಯವರೆಲ್ಲ ಬಂದು ಮುಟ್ಟಿ ನೋಡಿದರು. ಪಕ್ಕದ ಮನೆ ಹುಡುಗ ತಬಲ ಬಾರಿಸಿ ಹೋದ. ನಾನೂ ಹೆಮ್ಮೆಯಿಂದ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದೆ. ರಾತ್ರಿ ಜಿಟಿಜಿಟಿ ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನ ಮೇಲೆ ತುಕ್ಕಿನಲ್ಲಿ ಬರೆದ ಹಾಗೆ ಬೆರಳಚ್ಚು! ಐದೂ ಬೆರಳು, ಗೆರೆ ಸಮೇತ. ಕೈಯ ಬೆವರಿನಲ್ಲಿರೋದು ಉಪ್ಪು, ತೇವದ ಗಾಳಿಯಲ್ಲಿ ಬರೀ ಕಬ್ಬಿಣಕ್ಕೆ ಇನ್ನೇನು ಬೇಕು? ಯಾರ್ಯಾರು ಎಲ್ಲೆಲ್ಲಿ ಮುಟ್ಟಿದ್ದರು ಅಂತ ಪೊಲೀಸರು ಬಂದಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು.

"ಹುಣಸೆಹಣ್ಣು ಹಾಕಿ ಉಜ್ಜಿ ಅಳಿಯಂದ್ರೇ, ದೇವರ ಪಾತ್ರೆ ಹೊಳೆಯಲ್ವಾ?" ಅಂದರು ಮಾವ. ಉಜ್ಜಿದೆ. ಹುಳಿಗೆ ತುಕ್ಕು ಹೋಯಿತು, ಸುಳ್ಳು ಹೇಳಬಾರದು. ಆದರೆ ತೊಳೆದಿಟ್ಟು ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಹಳದಿ. ಗಾಬರಿಯಲ್ಲಿ ಅಟ್ಟದಿಂದ ಅರ್ಧ ಡಬ್ಬ ರೆಡ್ ಆಕ್ಸೈಡ್ ಇಳಿಸಿದೆ. ಗೇಟಿಗೆ ಹೊಡೆದು ಉಳಿದ ಪ್ರೈಮರ್, ಅಂದರೆ ತುಕ್ಕು ಹಿಡಿಯದ ಹಾಗೆ ಬಣ್ಣಕ್ಕೆ ಮುಂಚೆ ಬಳಿಯೋದು. "ಗೇಟೂ ಕಬ್ಬಿಣ, ಗಾಡಿನೂ ಕಬ್ಬಿಣ" ಅಂದರು ಮಾವ. ಈ ತರ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಟರ್ಪೆಂಟೈನ್ ಬೆರೆಸಿ, ಬ್ರಷ್ ಹಿಡಿದು, ಟ್ಯಾಂಕಿಗೂ ಮಡ್‌ಗಾರ್ಡಿಗೂ ಬಳಿದೆ.

ನಾಲ್ಕು ದಿನ ಬಿಟ್ಟು ಟಿಂಕರ್ ಹತ್ತಿರ ಒಯ್ದೆ. ಅವರು ಉಗುರಿನಿಂದ ಒಂದು ಗೀರು ಎಳೆದು, "ಸಾರ್, ಇದು ಗೇಟಿಂದಾ?" ಅಂದರು. ನಾನು ಮಾತಾಡಲಿಲ್ಲ. ಅಂಗೈಯಗಲ ಬಣ್ಣ ಸ್ಪ್ರೇ ಮಾಡಿ "ನೋಡ್ತಾ ಇರಿ" ಅಂತ ಬೀಡಿ ಹಚ್ಚಿಕೊಂಡು ದೂರ ಹೋದರು. ನೋಡುತ್ತಿದ್ದ ಹಾಗೇ ಆ ಜಾಗ ಹಾಲಿನ ಕೆನೆ ಥರ ಸುಕ್ಕುಗಟ್ಟಿತು. ಸ್ಪ್ರೇ ಪೇಂಟಿಗೆ ಹಾಕೋ ಥಿನ್ನರ್ ಜೋರು. ಎಣ್ಣೆ ಬಣ್ಣದ ಜಾತಿಯ ರೆಡ್ ಆಕ್ಸೈಡು ಅದನ್ನು ಕುಡಿದು ಉಬ್ಬಿ ಏಳುತ್ತದೆ. ಗೇಟಿಗೆ ಮೇಲೆಯೂ ಎನಾಮಲ್ಲೇ ಹೊಡೆಯೋದರಿಂದ ಅಲ್ಲಿ ಈ ಜಗಳ ಇಲ್ಲ. ಅಂದರೆ ಮತ್ತೆ ರಿಮೂವರ್, ಮತ್ತೆ ಎಮರಿ ಪೇಪರ್, ಮತ್ತೆ ಬರೀ ತಗಡು.

ಪೇಂಟ್ ಅಂಗಡಿಗೆ ಹೋಗಿ "ಒಂದು ಪ್ರೈಮರ್ ಕೊಡಿ" ಅಂದೆ. ಹೋಟೆಲಿಗೆ ಹೋಗಿ "ಒಂದು ತಿಂಡಿ ಕೊಡಿ" ಅಂದ ಹಾಗಾಯಿತು. ಹಳದಿ ಡಬ್ಬ ತೋರಿಸಿದರು, ಅದು ಜಿಂಕ್ ಕ್ರೋಮೇಟ್, ಹೆಚ್ಚಾಗಿ ಅಲ್ಯೂಮಿನಿಯಮ್ಮಿಗೆ. ಸರ್ಫೇಸರ್ ತೋರಿಸಿದರು, ಸಣ್ಣಪುಟ್ಟ ಗೀರು ತುಂಬಿಸೋಕೆ ಒಳ್ಳೇದು, ಆದರೆ ತೇವ ಹೀರುತ್ತೆ, ಬರೀ ತಗಡನ್ನು ಅದರ ಕೈಗೆ ಒಪ್ಪಿಸುವ ಹಾಗಿಲ್ಲ. ಇನ್ನು ವಾಶ್ ಪ್ರೈಮರ್, ಅದರಲ್ಲಿರೋ ಆಸಿಡ್ ತಗಡನ್ನು ಸ್ವಲ್ಪ ಕಚ್ಚಿ ಹಿಡಿಯುತ್ತೆ, ತೆಳುವಾಗಿ ಹೊಡೆಯಬೇಕು. ಎಪಾಕ್ಸಿ ಎರಡು ಡಬ್ಬದ್ದು, ಹಾರ್ಡ್ನರ್ ಬೇರೆ ಬರುತ್ತೆ, ಒಣಗಿದರೆ ನೀರು ಒಳಗೆ ಹೋಗೋಕೆ ಬಿಡಲ್ಲ. ಎರಡೂ ಒಳ್ಳೇದಾದರೆ ಎರಡೂ ಇರಲಿ ಅಂತ ತಂದೆ. ಟಿಂಕರ್ ತಲೆ ಚಚ್ಚಿಕೊಂಡರು. ಆಸಿಡ್ ಪ್ರೈಮರ್ ಮೇಲೆ ಎಪಾಕ್ಸಿ ಹೊಡೆದರೆ ಸಾಮಾನ್ಯವಾಗಿ ಅದು ಸರಿಯಾಗಿ ಗಟ್ಟಿಯಾಗೋದೇ ಇಲ್ಲವಂತೆ. ವಾಶ್ ಪ್ರೈಮರ್ ಇನ್ನೂ ನಮ್ಮ ಅಟ್ಟದಲ್ಲಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ಈ ಸಲ ಬಿಸಿಲು ಬಿದ್ದ ದಿನ, ಅವರ ಶೆಡ್ಡಿನಲ್ಲೇ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಯಾರೂ ಬರಿಗೈಯಲ್ಲಿ ಮುಟ್ಟದ ಹಾಗೆ ಕಾವಲು ಕಾದು, ಅವತ್ತೇ ಎಪಾಕ್ಸಿ ಹೊಡೆದರು. "ಸ್ವಲ್ಪವೇ ಕಲಸೋಣ" ಅಂತ ಅವರು ಹೇಳಿದ್ದರು. ಪೂರ್ತಿ ಡಬ್ಬ ಕಲಸಿ ಅಂದಿದ್ದು ನಾನು. ಮುಕ್ಕಾಲು ಪಾಲು ಉಳಿಯಿತು. ಹಾರ್ಡ್ನರ್ ಸೇರಿದ ಮೇಲೆ ಎತ್ತಿಡೋ ಹಾಗಿಲ್ಲ, ಬೆಳಗಾಗೋದರೊಳಗೆ ಕಲ್ಲು. ಅಷ್ಟು ದುಡ್ಡು ಕೊಟ್ಟಿದ್ದನ್ನು ಚೆಲ್ಲೋಕೆ ಮನಸ್ಸು ಬರುತ್ತಾ? ಮನೆಗೆ ತಂದು, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ರಾತ್ರಿ ಒಂಬತ್ತರವರೆಗೆ ಗೇಟಿಗೆ ಬಳಿದೆ.

ಎಪಾಕ್ಸಿಗೆ ಬಿಸಿಲು ಆಗಿಬರಲ್ಲ, ಮೇಲೆ ಬೇರೆ ಬಣ್ಣ ಹೊಡೆಯದಿದ್ದರೆ ಪುಡಿ ಏಳುತ್ತೆ ಅಂತ ಗೊತ್ತಾಗಿದ್ದು ತಿಂಗಳುಗಳ ನಂತರ, ಹೆಂಡತಿಯ ಕಪ್ಪು ಸೀರೆ ಗೇಟಿಗೆ ತಾಗಿದಾಗ.

ಯೆಜ್ಡಿ ಮೆರೂನಾಗಿ ಮನೆಗೆ ಬಂತು. ಮಾವನವರು ಕನ್ನಡಕ ಒರೆಸಿಕೊಂಡು ಎರಡು ಸುತ್ತು ಹಾಕಿದರು. ಟ್ಯಾಂಕಿನ ಎಡಗಡೆ ಬಗ್ಗಿ ನೋಡಿ, ಯಾಕೋ ಬೇಗ ಎದ್ದರು. ಆಮೇಲೆ ಗೇಟಿನ ಕಡೆ ತಿರುಗಿ, "ಅಲ್ಲ ಅಳಿಯಂದ್ರೇ, ಗೇಟಿಗೆ ಬೂದಿ ಬಳಿದಿದ್ದೀರಲ್ಲ, ಬಣ್ಣ ಯಾವಾಗ ಹೊಡೆಸ್ತೀರಿ?" ಅಂದರು.