ಆರ್ಥೊ ಅಂತ ಬಾಯಿ ಬಿಟ್ಟರೆ ಸೀಟು ಹೋಗುತ್ತಂತೆ!

ನನಗೆ ಸಿಟ್ಟು ಬಂದಿದೆ. ಶನಿವಾರ ಬಂದದ್ದು ಇನ್ನೂ ಇಳಿದಿಲ್ಲ. ಮನೆಯವರಿಗೆ ಕೇಳಿ ಕೇಳಿ ಸಾಕಾಗಿದೆ, ಹಾಗಾಗಿ ಈಗ ನಿಮ್ಮ ಸರದಿ. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದವರು ಡೆಂಟಲ್ ಸ್ಕೂಲಿಗೆ ಅರ್ಜಿ ಹಾಕುವ ಮಕ್ಕಳಿಗಾಗಿ ಒಂದು ಕಾರ್ಯಕ್ರಮ ಇಟ್ಟಿದ್ದರು. ಊರಿನ ಡೆಂಟಿಸ್ಟ್ ಅಂತ ನನಗೂ ಒಂದು ಕುರ್ಚಿ ಹಾಕಿದ್ದರು. ಮುಖ್ಯ ಅತಿಥಿ ಒಬ್ಬರು ಅಡ್ಮಿಷನ್ ಕನ್ಸಲ್ಟೆಂಟ್. ಹೆಸರು ಬೇಡ ಬಿಡಿ. ದಿನಾ ಹಲ್ಲು ಉಜ್ಜುವುದನ್ನು ಬಿಟ್ಟರೆ ಈ ಕಸುಬಿಗೂ ಅವರಿಗೂ ಬೇರೆ ನಂಟು ಇದ್ದಂತೆ ಕಾಣಲಿಲ್ಲ. ಆದರೆ ಸ್ಲೈಡುಗಳು ಮಾತ್ರ ಬಹಳ ಚೆನ್ನಾಗಿದ್ದವು. ಅದರಲ್ಲಿ ದಪ್ಪ ಕೆಂಪು ಅಕ್ಷರದಲ್ಲಿ ಬರೆದಿದ್ದದ್ದು ಇದು: ಸ್ಪೆಷಾಲಿಟಿ ಬಗ್ಗೆ ಬಾಯಿ ಬಿಡಬೇಡಿ. ಆರ್ಥೊ (ಕ್ಲಿಪ್ ಹಾಕಿ ಹಲ್ಲು, ದವಡೆ ಸರಿ ಮಾಡುವ ವಿಭಾಗ) ಅನ್ನಬೇಡಿ. ಓರಲ್ ಸರ್ಜರಿ ಅನ್ನಬೇಡಿ. ಯಾರಾದರೂ ಕೇಳಿದರೆ, ಜನರಲ್ ಡೆಂಟಿಸ್ಟ್ ಆಗಿ ಬಡವರ ಸೇವೆ ಮಾಡುತ್ತೇನೆ ಅನ್ನಿ. ಅಪ್ಪ ಅಮ್ಮಂದಿರೆಲ್ಲ ಫೋನ್ ಎತ್ತಿ ಫೋಟೊ ಹೊಡೆದುಕೊಂಡರು.

ಅಷ್ಟಕ್ಕೇ ಆಗಿದ್ದರೆ ನಾನು ಉಪ್ಪಿಟ್ಟು ತಿಂದು ಮನೆಗೆ ಬರುತ್ತಿದ್ದೆ. ಆಮೇಲೆ ಮಕ್ಕಳು ಬರೆದಿದ್ದನ್ನು ತಿದ್ದುವ ಕೆಲಸ ಶುರುವಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇಲ್ಲಿ ಬಹುತೇಕ ಡೆಂಟಲ್ ಸ್ಕೂಲುಗಳಿಗೆ ಅರ್ಜಿ ಹೋಗುವುದು ಎಎಡಿಎಸ್‌ಎಎಸ್ ಅನ್ನುವ ಒಂದೇ ಕಿಂಡಿಯಿಂದ. ಯಾಕೆ ಡೆಂಟಿಸ್ಟ್ ಆಗಬೇಕು ಅಂತ 4,500 ಅಕ್ಷರಗಳ ಒಳಗೆ ಬರೆಯಬೇಕು. ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತೆ. ಅದನ್ನು ಓದಿ ಇಷ್ಟವಾದರೆ ಇಂಟರ್‌ವ್ಯೂಗೆ ಕರೆಯುತ್ತಾರೆ.

ಒಬ್ಬಳು ಹುಡುಗಿ ಬರೆದಿದ್ದಳು. ಅವಳ ತಮ್ಮನಿಗೆ ಹುಟ್ಟುವಾಗಲೇ ತುಟಿ, ಅಂಗುಳ ಎರಡೂ ಸೀಳಿದ್ದವು. ಕೆಲವೇ ತಿಂಗಳ ಮಗುವಿಗೆ ತುಟಿಯ ಆಪರೇಷನ್. ವರ್ಷದ ಹೊತ್ತಿಗೆ ಅಂಗುಳದ್ದು. ನೆಂಟರೆಲ್ಲ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಮಾತು ಮೂಗಿನಲ್ಲಿ ಬರುತ್ತೆ, ಅದಕ್ಕೆ ಸ್ಪೀಚ್ ಥೆರಪಿ. ಮೇಲಿನ ದವಡೆ ಕಿರಿದಾಗಿರುತ್ತೆ, ಆರ್ಥೊಡಾಂಟಿಸ್ಟ್ ಅದನ್ನು ತಿಂಗಳುಗಟ್ಟಲೆ ನಿಧಾನಕ್ಕೆ ಅಗಲ ಮಾಡಬೇಕು. ಆಮೇಲೆ ಎಂಟೊಂಬತ್ತು ವರ್ಷದ ಆಸುಪಾಸಿನಲ್ಲಿ, ಕೋರೆಹಲ್ಲು ಇಳಿಯುವ ಮೊದಲೇ, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ದವಡೆಯ ಸಂದಿಗೆ ತುಂಬುತ್ತಾರೆ. ಅದಿಲ್ಲದಿದ್ದರೆ ಆ ಹಲ್ಲು ಇಳಿಯುವುದಕ್ಕೆ ಅಲ್ಲಿ ಮೂಳೆಯೇ ಇರುವುದಿಲ್ಲ. ಆಮೇಲೆ ಮತ್ತೆ ಕ್ಲಿಪ್. ಕೆಲವರಿಗೆ ಬೆಳವಣಿಗೆ ನಿಂತ ಮೇಲೆ ದವಡೆಯ ಆಪರೇಷನ್ನೂ ಬೇಕಾಗುತ್ತೆ. ಈ ಹುಡುಗಿ ಇದನ್ನೆಲ್ಲ ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಹೋಂವರ್ಕ್ ಮಾಡುತ್ತಾ ನೋಡಿಕೊಂಡು ಬೆಳೆದವಳು. ಸೀಳು ತುಟಿಯ ಮಕ್ಕಳಿಗೆ ಕೆಲಸ ಮಾಡುವ ಆರ್ಥೊಡಾಂಟಿಸ್ಟ್ ಆಗಬೇಕು ಅಂತ ಬರೆದಿದ್ದಳು.

ಕನ್ಸಲ್ಟೆಂಟ್ ಓದಿದರು. 'ಡೇಂಜರಸ್' ಅಂದರು. ಆರ್ಥೊ ಅನ್ನುವುದನ್ನೇ ತೆಗೆಯಬೇಕಂತೆ. ತಮ್ಮನ ಕತೆ ಎರಡು ಸಾಲಿಗೆ ಇಳಿಸಬೇಕಂತೆ. ಆ ಜಾಗಕ್ಕೆ 'ಸಮುದಾಯದ ಸೇವೆ' ಬರಬೇಕಂತೆ. ಅವಳ ಅಪ್ಪ, 'ತೆಗೆದುಬಿಡು ಪುಟ್ಟಾ, ಸುಮ್ನೆ ರಿಸ್ಕ್ ಯಾಕೆ?' ಅಂದರು. ಅವಳು ಲ್ಯಾಪ್‌ಟಾಪ್ ತೆಗೆದು ಅಲ್ಲೇ ಅಳಿಸಿದಳು.

ಸ್ವಾಮಿ, ಆ ಮಗು ಬರೆದಿದ್ದರಲ್ಲಿ ನಿಜ ಅಂತ ಇದ್ದದ್ದೇ ಅದೊಂದು!

ಈಗ ಕಾಮೆಂಟಿನಲ್ಲಿ ಏನು ಬರುತ್ತೆ ಅಂತ ಗೊತ್ತು. 'ಡೆಂಟಲ್ ಸ್ಕೂಲ್ ಇರುವುದೇ ಜನರಲ್ ಡೆಂಟಿಸ್ಟ್‌ಗಳನ್ನು ತಯಾರು ಮಾಡೋಕೆ ಅಲ್ವಾ ಮೇಡಂ?' ಹೌದು. ಡಿಡಿಎಸ್ ಅನ್ನಿ, ಡಿಎಂಡಿ ಅನ್ನಿ, ಎರಡೂ ಒಂದೇ ಪದವಿ. ನಾಲ್ಕು ವರ್ಷ ಓದಿ ಹೊರಗೆ ಬಂದರೆ ಹಲ್ಲು ತುಂಬಬೇಕು, ಕೀಳಬೇಕು, ರೂಟ್ ಕೆನಾಲ್ ಮಾಡಬೇಕು, ಕ್ಯಾಪ್ ಹಾಕಬೇಕು. ಈ ದೇಶದಲ್ಲಿ ಐದು ಡೆಂಟಿಸ್ಟ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ವರು ಜನರಲ್ ಡೆಂಟಿಸ್ಟ್‌ಗಳೇ. ನಾನೂ ಅದೇ. ಬಾಡಿಗೆ ಕಟ್ಟುವುದು ಅದರಿಂದಲೇ. ಆದರೆ ಅದೇ ಸ್ಕೂಲುಗಳ ವೆಬ್‌ಸೈಟ್ ತೆಗೆದು ನೋಡಿ. ಈ ವರ್ಷ ನಮ್ಮಲ್ಲಿ ಮುಂದಿನ ಓದಿಗೆ ಇಷ್ಟು ಮಂದಿಗೆ ಆರ್ಥೊ ಸಿಕ್ಕಿತು, ಇಷ್ಟು ಮಂದಿಗೆ ಓರಲ್ ಸರ್ಜರಿ ಸಿಕ್ಕಿತು ಅಂತ ಬೀಗುತ್ತವೆ. ಇಂಟರ್‌ವ್ಯೂಗೆ ಎದುರು ಕೂರುವವರಾದರೂ ಯಾರು? ಒಬ್ಬರು ಒಸಡಿನ ಡಾಕ್ಟರ್ ಇರಬಹುದು, ಒಬ್ಬರು ಬಾಯಿಯ ಪೆಥಾಲಜಿಯವರು ಇರಬಹುದು. ಅಮೆರಿಕದಲ್ಲಿ ಮಾನ್ಯತೆ ಪಡೆದ ಡೆಂಟಲ್ ಸ್ಪೆಷಾಲಿಟಿಗಳು 12 ಇವೆ. ಅದರಲ್ಲೊಂದಕ್ಕೆ ಜೀವನ ಕೊಟ್ಟವರ ಮುಂದೆ ಕೂತು, ನನಗೆ ಅದ್ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಗಿಳಿಪಾಠ ಒಪ್ಪಿಸಬೇಕಂತೆ. ಅವರೇನು ಮೊನ್ನೆ ಹುಟ್ಟಿದವರಾ?

ಇನ್ನೊಂದು ವಾದ ಇದೆ, ಇದಕ್ಕೆ ಸ್ವಲ್ಪ ಮರ್ಯಾದೆ ಕೊಡುತ್ತೇನೆ. ಕೆಲವು ಸ್ಕೂಲುಗಳ ಉದ್ದೇಶವೇ ಬೇರೆ. ನಮ್ಮದೇ ನಾರ್ತ್ ಕೆರೊಲಿನಾದಲ್ಲಿ ಈಸ್ಟ್ ಕೆರೊಲಿನಾ ಯೂನಿವರ್ಸಿಟಿ ಇದೆ. ಅಲ್ಲಿಯ ಡೆಂಟಲ್ ಸ್ಕೂಲಿಗೆ ಮೊದಲ ಬ್ಯಾಚ್ ಬಂದದ್ದು 2011ರಲ್ಲಿ. ಹಳ್ಳಿಗಾಡಿನಲ್ಲಿ ಡೆಂಟಿಸ್ಟ್‌ಗಳು ಸಾಲದು ಅಂತಲೇ ಕಟ್ಟಿದ್ದು. ಈ ರಾಜ್ಯದವರನ್ನೇ ತೆಗೆದುಕೊಳ್ಳುತ್ತಾರೆ. ರಾಜ್ಯದ ಸಣ್ಣ ಊರುಗಳಲ್ಲಿ ಕ್ಲಿನಿಕ್ ಕಟ್ಟಿ, ಕೊನೆಯ ವರ್ಷದ ಹುಡುಗರನ್ನು ಅಲ್ಲಿಗೇ ಕಳಿಸುತ್ತಾರೆ. ಅಂಥ ಕಡೆ ಹೋಗಿ, ನನಗೆ ದೊಡ್ಡ ಊರಿನಲ್ಲಿ ಆರ್ಥೊ ಕ್ಲಿನಿಕ್ ಬೇಕು ಅಂದರೆ ನಾನಾದರೂ ಬೇಡ ಅನ್ನುತ್ತೇನೆ. ಸರಿ. ಅದಕ್ಕೆ ಮದ್ದು ಸುಳ್ಳು ಹೇಳುವುದಾ? ನಿನಗೆ ಹಳ್ಳಿಗೆ ಹೋಗುವ ಮನಸ್ಸಿಲ್ಲ ಅಂದರೆ ಆ ಸೀಟು ಹೋಗುವ ಮನಸ್ಸಿರುವ ಇನ್ನೊಬ್ಬರದ್ದು. ಅವರ ಸೀಟನ್ನು ಸುಳ್ಳು ಹೇಳಿ ಕಿತ್ತುಕೊಳ್ಳುವುದಕ್ಕೆ 'ಸ್ಟ್ರಾಟಜಿ' ಅಂತ ಹೆಸರಿಟ್ಟು ಫೀಸು ಬೇರೆ ಕೊಡುತ್ತೀರಿ.

'ನಾಲ್ಕು ವರ್ಷದಲ್ಲಿ ಮನಸ್ಸು ಬದಲಾಗುತ್ತೆ' ಅಂತಲೂ ಕನ್ಸಲ್ಟೆಂಟ್ ಅಂದರು. ಬದಲಾಗಲಿ. ಇಪ್ಪತ್ತೊಂದರಲ್ಲಿ ಇದ್ದ ಮನಸ್ಸು ಮೂವತ್ತಕ್ಕೂ ಹಾಗೇ ಇದ್ದರೆ ನನಗೆ ಭಯ ಆಗುತ್ತೆ. ಇವತ್ತು ಏನು ಅನ್ನಿಸುತ್ತೆ ಅಂತ ತಾನೇ ಅವರು ಕೇಳುತ್ತಿರುವುದು?

ನಿಜ ಹೇಳಬೇಕೆಂದರೆ, ನನಗೆ ಸಿಟ್ಟು ಕನ್ಸಲ್ಟೆಂಟ್ ಮೇಲೆ ಕಡಿಮೆ, ಫೋಟೊ ಹೊಡೆದುಕೊಂಡ ನಮ್ಮ ಜನರ ಮೇಲೆ ಜಾಸ್ತಿ. ನಾವೆಲ್ಲ ಸಿಇಟಿ ಬರೆದು ಬಂದವರು. ಪ್ರಶ್ನೆಗೆ ನಾಲ್ಕು ಉತ್ತರ, ಅದರಲ್ಲಿ ಒಂದು ಸರಿ. ಇಂಟರ್‌ವ್ಯೂಗೂ ಎಲ್ಲೋ ಒಂದು ಕೀ ಆನ್ಸರ್ ಇದೆ, ದುಡ್ಡು ಕೊಟ್ಟರೆ ಸಿಗುತ್ತೆ ಅಂತ ನಂಬಿಕೊಂಡಿದ್ದೇವೆ. ನಾನು ದಾವಣಗೆರೆಯಲ್ಲಿ ಬಿಡಿಎಸ್ ಸೇರುವಾಗ ಯಾಕಮ್ಮ ಹಲ್ಲು ಅಂತ ಒಬ್ಬರೂ ಕೇಳಲಿಲ್ಲ. ಮೆಡಿಕಲ್ ತಪ್ಪಿತು, ರ‍್ಯಾಂಕ್ ಇಷ್ಟಿತ್ತು, ಡೆಂಟಲ್ ಬಂತು. ನಮ್ಮ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನರ ಕತೆ ಇದೇ. ಅದರ ಮೇಲಿನ ಸ್ಪೆಷಾಲಿಟಿ ಓದು ಎಂಡಿಎಸ್‌ಗೂ ಅಷ್ಟೇ. ಈಗ ನೀಟ್ ಎಂಡಿಎಸ್ ಬರೆಯುತ್ತಾರೆ, ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕ್ ಎಲ್ಲಿಗೆ ನಿಲ್ಲಿಸುತ್ತೋ ಆ ಬ್ರಾಂಚ್. ಆರ್ಥೊ ಬೇಕು ಅಂದವರು ಪಬ್ಲಿಕ್ ಹೆಲ್ತ್‌ಗೆ ಹೋಗುತ್ತಾರೆ. ಅಲ್ಲಿ ಆಸೆಯನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ಅಪರೂಪಕ್ಕೆ ಒಬ್ಬರು ಮಗುವಿನ ಮನಸ್ಸಿನಲ್ಲಿ ಏನಿದೆ ಅಂತ ಕೇಳುವಾಗ, ಬಾಯಿಗೆ ಬೀಗ ಹಾಕಿ ಕಳಿಸುತ್ತೀರಲ್ಲ!

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನನಗೆ ಎಂಡೊ, ಅಂದರೆ ರೂಟ್ ಕೆನಾಲ್ ಸ್ಪೆಷಾಲಿಟಿ ಇಷ್ಟ. ಬಾಗಿದ ಕೆನಾಲ್ ಸಿಕ್ಕಿದರೆ ಇವತ್ತಿಗೂ ಊಟ ಮರೆಯುತ್ತೇನೆ. ಹೊರದೇಶದಲ್ಲಿ ಓದಿ ಬಂದ ಡೆಂಟಿಸ್ಟ್‌ಗಳು ಇಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕಲ್ಲ, ಆ ಸೀಟಿನ ಇಂಟರ್‌ವ್ಯೂನಲ್ಲಿ ಹಾಗಂತ ನೇರವಾಗಿ ಹೇಳಿದ್ದೆ. ಎದುರಿದ್ದವರು ಕೇಸಿನ ಮೇಲೆ ಕೇಸು ಕೇಳಿದರು, ನಾನೂ ಬಾಯಿ ತುಂಬ ಮಾತಾಡಿದೆ. ಸೀಟು ಸಿಕ್ಕಿತು. ಎಂಡೊ ಮಾತ್ರ ಮಾಡಲಿಲ್ಲ. ಕಾರಣ ಸಾಲ. ಮತ್ತೆ ಎರಡು ಮೂರು ವರ್ಷ ಓದುತ್ತಾ ಬಡ್ಡಿ ಬೆಳೆಯುವುದನ್ನು ನೋಡುವ ಧೈರ್ಯ ಇರಲಿಲ್ಲ. ಈಗ ನನ್ನ ಕೈಲಿ ಆಗದ ಕೆನಾಲ್‌ಗಳನ್ನು ಪಕ್ಕದ ರಸ್ತೆಯ ಎಂಡೊಡಾಂಟಿಸ್ಟ್ ಹತ್ತಿರ ಕಳಿಸುತ್ತೇನೆ. ಅವರು ಒಳ್ಳೆಯವರು. ಪ್ರತಿ ಸಲ ರೆಫರಲ್ ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತೆ. ಇದನ್ನು ಅವರು ಓದದಿದ್ದರೆ ಸಾಕು, ಕನ್ನಡ ಬರಲ್ಲ ಪುಣ್ಯಕ್ಕೆ.

ಸ್ಪೆಷಾಲಿಟಿ ಹೆಸರು ಹೇಳಿದವರೆಲ್ಲ ಬುದ್ಧಿವಂತರು ಅಂತ ನಾನು ಹೇಳುತ್ತಿಲ್ಲ. ಅದೇ ದಿನ ಇನ್ನೊಬ್ಬ ಹುಡುಗ ಇದ್ದ. ಆರ್ಥೊ ಯಾಕಪ್ಪಾ ಅಂದೆ. 'ರಾತ್ರಿ ಎಮರ್ಜೆನ್ಸಿ ಇರಲ್ಲ ಆಂಟಿ, ರಕ್ತ ಇರಲ್ಲ, ಲೈಫ್ ಚೆನ್ನಾಗಿರುತ್ತೆ' ಅಂದ. ಇವನಿಗೆ ಇಂಟರ್‌ವ್ಯೂನಲ್ಲಿ ಕಷ್ಟ ಇದೆ. ಆದರೆ ಇವನು ಆರ್ಥೊ ಅಳಿಸಿ ಬಡವರ ಸೇವೆ ಅಂತ ಬರೆದರೂ ಕಷ್ಟವೇ. ಅದನ್ನೂ ನೋಡಿಲ್ಲ, ಇದನ್ನೂ ನೋಡಿಲ್ಲ. ಓರಲ್ ಸರ್ಜನ್ ಆಗುತ್ತೇನೆ ಅನ್ನುವವರಿಗೆ ಅದು ಡೆಂಟಲ್ ಮುಗಿದ ಮೇಲೆ ಮತ್ತೆ ನಾಲ್ಕು ವರ್ಷ, ಎಂಡಿ (ಇಲ್ಲಿ ಡಾಕ್ಟರ್ ಆಗುವ ಪದವಿ) ಜೊತೆಗೆ ಬೇಕಂದರೆ ಆರು ವರ್ಷ ಅನ್ನುವುದಾದರೂ ಗೊತ್ತಿರಬೇಕಲ್ವಾ? ಎಷ್ಟೋ ಮಕ್ಕಳಿಗೆ ಅದೂ ಗೊತ್ತಿರುವುದಿಲ್ಲ. ಅಂಥವರಿಗೆ ಬಾಯಿ ಮುಚ್ಚು ಅನ್ನುವ ಬದಲು, ಹೋಗಿ ಒಂದು ವಾರ ಕ್ಲಿನಿಕ್ಕಿನಲ್ಲಿ ನಿಂತು ನೋಡಿ ಬಾ ಅನ್ನಿ.

ಆ ಹುಡುಗಿ ನೋಡಿದ್ದಳು. ನಾನು ಕೇಳಿದೆ, ತಮ್ಮನ ಚಿಕಿತ್ಸೆಯಲ್ಲಿ ಜನರಲ್ ಡೆಂಟಿಸ್ಟ್ ಕೆಲಸ ಏನಿತ್ತು ಅಂತ. ಒಂದು ಕ್ಷಣವೂ ಯೋಚಿಸಲಿಲ್ಲ. ಸೀಳಿನ ಪಕ್ಕದ ಹಲ್ಲುಗಳು ಸೊಟ್ಟಪಟ್ಟ ಬರುತ್ತವೆ, ಬ್ರಷ್ ಸರಿಯಾಗಿ ಹೋಗುವುದಿಲ್ಲ, ಬೇಗ ಹುಳುಕಾಗುತ್ತವೆ. ಬಾಯಲ್ಲಿ ಹುಳುಕು ಇಟ್ಟುಕೊಂಡು ಕ್ಲಿಪ್ಪೂ ಇಲ್ಲ, ಮೂಳೆ ತುಂಬುವುದೂ ಇಲ್ಲ, ಎಲ್ಲ ಮುಂದಕ್ಕೆ ಹೋಗುತ್ತೆ. ಅದನ್ನು ತಡೆದದ್ದು ಅವರ ಊರಿನ ಮಾಮೂಲಿ ಡೆಂಟಿಸ್ಟ್. 'ಅವರಿಲ್ಲದಿದ್ದರೆ ಆರ್ಥೊಡಾಂಟಿಸ್ಟ್ ಏನೂ ಮಾಡೋಕಾಗ್ತಿರಲಿಲ್ಲ ಆಂಟಿ' ಅಂದಳು. ಇದನ್ನು ಯಾವ ಡೆಂಟಲ್ ಸ್ಕೂಲ್ ಬೇಡ ಅನ್ನುತ್ತೆ ಹೇಳಿ ನೋಡೋಣ. ಆರ್ಥೊ ಬೇಕು ಅನ್ನುವ ಹುಡುಗಿಗೆ ಜನರಲ್ ಡೆಂಟಿಸ್ಟ್ ಬೆಲೆ ಗೊತ್ತಿದೆ. ಕೆಂಪು ಅಕ್ಷರದ ಸ್ಲೈಡಿಗೆ ಎರಡೂ ಗೊತ್ತಿಲ್ಲ.

ಅಳಿಸಿದ್ದನ್ನು ವಾಪಸ್ ಹಾಕು ಅಂದಿದ್ದೇನೆ. 'ಅಪ್ಪ ಬೈತಾರೆ' ಅಂದಳು. ಅಪ್ಪನಿಗೆ ನಾನು ಫೋನ್ ಮಾಡಿದ್ದೆ. 'ನೀವು ಹೇಳೋದೂ ಸರಿ ಮೇಡಂ, ಆದ್ರೆ ಅವರು ಎಕ್ಸ್‌ಪರ್ಟ್ ಅಲ್ವಾ' ಅಂದರು. ದಿನಾ ಬಾಯಲ್ಲಿ ಕೈ ಇಟ್ಟು ಕೆಲಸ ಮಾಡುವ ನಾನು ಯಾರು ಹಾಗಾದರೆ? ಹೋಗಲಿ.

ಮುಂದಿನ ಜೂನ್‌ಗೆ ಅರ್ಜಿ ಕಳಿಸುವ ಮಕ್ಕಳು ಯಾರಾದರೂ ಇದ್ದರೆ ಬರೆದಿದ್ದನ್ನು ನನಗೆ ಕಳಿಸಿ, ಓದಿ ಹೇಳುತ್ತೇನೆ. ಫೀಸಿಲ್ಲ. ಮಾಕ್ ಇಂಟರ್‌ವ್ಯೂ ಬೇಕಂದರೂ ಭಾನುವಾರ ಮಧ್ಯಾಹ್ನ ಕೂತು ಮಾಡೋಣ. ಒಂದೇ ಷರತ್ತು. 'ಬಡವರ ಸೇವೆ' ಅಂತ ಬರೆದುಕೊಂಡು ಬಂದರೆ ಯಾವ ಊರು, ಅಲ್ಲಿ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ತೆಗೆದುಕೊಳ್ಳುವ ಕ್ಲಿನಿಕ್ ಎಷ್ಟು ದೂರ, ನೀನು ಅಲ್ಲಿಗೆ ಯಾವಾಗ ಹೋಗಿದ್ದೆ ಅಂತ ಕೇಳುತ್ತೇನೆ. ಅಪ್ಪ ಅಮ್ಮ ಪಕ್ಕದಲ್ಲಿ ಕೂರುವ ಹಾಗಿಲ್ಲ.