ಸತ್ಯಾಂಶ: ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಫೋಟೊ ಚೆನ್ನವೇ?

ಮೆಗಾಪಿಕ್ಸೆಲ್ ಜಾಸ್ತಿ ಇರುವ ಕ್ಯಾಮೆರಾವೇ ಉತ್ತಮ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ. ಅದು ಸರಿಯಲ್ಲ. ಮೆಗಾಪಿಕ್ಸೆಲ್ ಎಂದರೆ ಚಿತ್ರದ ಚುಕ್ಕೆಗಳ ಲೆಕ್ಕ ಅಷ್ಟೇ. ಬೆಳಕು ಹಿಡಿಯುವುದು ಸೆನ್ಸರ್. ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾಗಳ 1/2.3 ಇಂಚಿನ ಸೆನ್ಸರ್ ಸುಮಾರು 6.2×4.6 ಮಿ.ಮೀ., 1 ಇಂಚಿನದು 13.2×8.8 ಮಿ.ಮೀ. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು! (ಅಂದಹಾಗೆ, ಆ ‘1 ಇಂಚು’ ಹಳೆಯ ವಿಡಿಯೊ ಟ್ಯೂಬ್‌ಗಳ ಕಾಲದ ಹೆಸರು, ಕರ್ಣ ಅಳೆದರೆ 16 ಮಿ.ಮೀ. ಮಾತ್ರ.) ಎರಡರಲ್ಲೂ 20 ಮೆಗಾಪಿಕ್ಸೆಲ್ ತುಂಬಿದರೆ ಚಿಕ್ಕದರ ಒಂದೊಂದು ಪಿಕ್ಸೆಲ್‌ಗೂ ಬೆಳಕು ಕಡಿಮೆ, ಮಬ್ಬಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ.

ನೀವೇ ನೋಡಬಹುದು. ವಿವರಪಟ್ಟಿಯಲ್ಲಿರುವ ಸೆನ್ಸರ್‌ನ ಉದ್ದ, ಅಗಲ ಗುಣಿಸಿ. ಎರಡೂ ಕ್ಯಾಮೆರಾ ಸಿಕ್ಕರೆ ರಾತ್ರಿ ಒಂದೇ ದೀಪದಡಿ, ಐಎಸ್‌ಒ (ಬೆಳಕಿನ ಸಂವೇದನೆ ಹೊಂದಿಸುವ ಸೆಟ್ಟಿಂಗ್) 1600ರಲ್ಲಿ, ಒಂದೇ ವಸ್ತುವನ್ನು ತೆಗೆದು ಪರದೆಯಲ್ಲಿ ಒಂದೇ ಗಾತ್ರಕ್ಕೆ ತಂದು ಹೋಲಿಸಿ. ಬಿಸಿಲಿನಲ್ಲಿ ತೆಗೆದರೆ ವ್ಯತ್ಯಾಸ ಅಷ್ಟಾಗಿ ಕಾಣದು; ಹಾಗಾಗಿಯೇ ಮೆಗಾಪಿಕ್ಸೆಲ್ ಕುರಿತ ಆ ಸಂದೇಶ ನಂಬುವಂತೆ ತೋರುತ್ತದೆ.